ಎಡಗಡೆಯ ಗೇರು

ಸೈಕಲ್ಲಿನ ಗೇರು ಎಡಗಡೆ ಇದ್ದರೆ ಏನಾಗುತ್ತದೆ ಎಂದು ನೀವು ಕೇಳಿದರೆ, ಅಂಥದ್ದೇನೂ ಆಗುವುದಿಲ್ಲ, ಮೊಣಕಾಲು ತರಚುತ್ತದೆ ಅಷ್ಟೆ ಎನ್ನುತ್ತೇನೆ. ನನ್ನದು ಎರಡು ಸಲ ತರಚಿದೆ. ಮೊದಲನೆಯದನ್ನು ಪಂಚೆಯಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಎರಡನೆಯದನ್ನು ಮಗಳು ನೋಡಿಬಿಟ್ಟಳು.

"ಅಪ್ಪ, ಈ ಭಾನುವಾರದೊಳಗೆ ಆ ಲಿವರ್ ಬಲಗಡೆ ಹಾಕಿಸ್ಬೇಕು. ಇಲ್ದಿದ್ರೆ ಸೈಕಲ್ ಬೀಗದ ಕೈ ನಾನು ವಿಜಯಪುರಕ್ಕೆ ತಗೊಂಡ್ಹೋಗ್ತೀನಿ," ಎಂದಳು.

ಮಗಳು ಶ್ವೇತಳನ್ನು ಕೊಟ್ಟಿರುವುದು ಇಲ್ಲೇ ನಮ್ಮ ಪಕ್ಕದ ವಿಜಯಪುರಕ್ಕೆ. ರೇಷ್ಮೆ ನೂಲಿಗೆ ಹುರಿ ಹಾಕುವ ಮನೆ. ಅಲ್ಲಿ ಎಲ್ಲರನ್ನೂ ಸುತ್ತಿಸಿ ಸುತ್ತಿಸಿ ಅವಳಿಗೆ ಅಭ್ಯಾಸವಾಗಿಬಿಟ್ಟಿದೆ.

"ಅದು ನಿಮ್ಮಮ್ಮ ಹಾಕಿಸ್ಕೊಂಡಿದ್ದು ಕಣೇ."

"ಅಮ್ಮನಿಗೆ ಬರ್ತಿತ್ತು. ನಿಮಗೆ ಬರಲ್ಲ."

ಇಷ್ಟು ನೇರವಾಗಿ ಹೇಳಿದರೆ ತಂದೆಯಾದವನು ಏನು ಮಾಡಬೇಕು? ನಾನು ಅರಿಶಿನದ ಡಬ್ಬಿ ಹುಡುಕುವವನಂತೆ ಅಡುಗೆಮನೆಗೆ ಹೋದೆ.

ವಿಷಯ ಇಷ್ಟೆ. ಸೈಕಲ್ಲು ನನ್ನ ಹೆಂಡತಿ ಸರೋಜಳದು. ಅವಳು ಹೋಗಿ ಎಂಟು ತಿಂಗಳಾಯಿತು. ಬೆಳಿಗ್ಗೆ ಕುಕ್ಕರ್ ಇಳಿಸುವಾಗ ತಲೆ ತುಂಬಾ ನೋಯುತ್ತಿದೆ ಎಂದು ಗೋಡೆ ಹಿಡಿದು ಕೂತಳು. ಸಂಜೆಯ ಹೊತ್ತಿಗೆ ಇರಲಿಲ್ಲ. ಸೀರೆಗಳನ್ನು ಅಕ್ಕತಂಗಿಯರು ಹಂಚಿಕೊಂಡರು, ಅವಳು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಕೋಟನ್ನು ಫ್ಯಾಕ್ಟರಿಗೆ ಕೊಟ್ಟೆವು, ಕನ್ನಡಕವನ್ನು ಯಾರಿಗೂ ಕೊಡಲಾಗಲಿಲ್ಲ. ಸೈಕಲ್ಲನ್ನು ನಾನು ಇಟ್ಟುಕೊಂಡೆ. ಅದರ ಹ್ಯಾಂಡಲ್ಲಿನ ಎಡಗಡೆ ಹೆಬ್ಬೆರಳಿನಷ್ಟು ಉದ್ದದ ಒಂದು ಲಿವರ್ ಇದೆ. ಅದರ ತುದಿಯ ಕರಿ ಪ್ಲಾಸ್ಟಿಕ್ಕು ಅವಳ ಬೆರಳು ತಾಗಿ ತಾಗಿ ಒಂದು ಕಡೆ ನುಣ್ಣಗಾಗಿದೆ. ಅದನ್ನು ಅಲ್ಲಿಂದ ಕಿತ್ತರೆ, ಈ ಮನೆಯಲ್ಲಿ ಅವಳು ತನಗೆಂದೇ ಮಾಡಿಸಿಕೊಂಡ ಒಂದೇ ಒಂದು ಅನುಕೂಲವನ್ನೂ ಕಿತ್ತಂತಾಗುತ್ತದೆ ಎಂಬುದು ನನ್ನ ಸಂಕಟ. ಇದನ್ನು ಮಗಳಿಗೆ ಬಾಯಿಬಿಟ್ಟು ಹೇಳಲಾರೆ. ನಿಮಗಾದರೆ ಹೇಳಬಹುದು, ನೀವು ಬೀಗದ ಕೈ ಕಿತ್ತುಕೊಳ್ಳುವುದಿಲ್ಲ.

ಗೇರಿನ ಸೈಕಲ್ಲು ತುಳಿಯದವರಿಗಾಗಿ ಒಂದೆರಡು ಮಾತು. ಹಿಂದಿನ ಗಾಲಿಯಲ್ಲಿ ಒಂದರ ಪಕ್ಕ ಒಂದರಂತೆ ಹಲ್ಲುಗಳಿರುವ ಆರು ಚಕ್ರಗಳಿರುತ್ತವೆ. ಚೈನು ದೊಡ್ಡದರ ಮೇಲೆ ಬಂದರೆ ತುಳಿಯಲು ಹಗುರ, ಚಿಕ್ಕದರ ಮೇಲೆ ಬಂದರೆ ಭಾರ. ಏರಿಗೆ ದೊಡ್ಡದು, ಸಮದಾರಿಗೆ ಚಿಕ್ಕದು. ಚೈನನ್ನು ದಾಟಿಸುವ ಹಿಡಿ ಸಾಮಾನ್ಯವಾಗಿ ಬಲಗೈ ಕಡೆ ಇರುತ್ತದೆ, ಮುಂದಕ್ಕೆ ಒತ್ತಿದರೆ ಹಗುರವಾಗುತ್ತದೆ. ಸರೋಜಳದ್ದು ಎಡಗೈ ಕಡೆ, ತನ್ನ ಕಡೆಗೆ ಎಳೆದುಕೊಂಡರೆ ಹಗುರ. ಹೊಸ ಗೇರುಗಳಲ್ಲಿ ಟಕ್ ಎಂದು ಸದ್ದಾಗಿ ಅದರ ಜಾಗದಲ್ಲಿ ಅದು ಕೂರುತ್ತದೆ. ಇದು ಹಳೇ ಕಾಲದ್ದು, ಟಕ್ಕೂ ಇಲ್ಲ ಟಿಕ್ಕೂ ಇಲ್ಲ. ಎಷ್ಟು ಎಳೆಯಬೇಕೆಂಬುದು ಬೆರಳಿಗೇ ಗೊತ್ತಿರಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೆ ಚೈನು ಕರಕರ ಎಂದು ಬೈಯುತ್ತದೆ.

ನನಗೆ ಬೈಸಿಕೊಂಡು ಅಭ್ಯಾಸವಿದೆ. ಚಿಕ್ಕಂದಿನಲ್ಲಿ ನಾನು ಸೈಕಲ್ ಕಲಿತದ್ದು ಅಪ್ಪನ ಕರಿ ಸೈಕಲ್ಲಿನಲ್ಲಿ. ಅದರ ಕ್ಯಾರಿಯರ್ ಮೇಲೆ ಯಾವಾಗಲೂ ನೂಲಿನ ಗಂಟು, ಗಂಜಿಯ ವಾಸನೆ. ಸೀಟು ನನ್ನ ಎದೆಗೆ ಬರುತ್ತಿತ್ತು. ಅಡ್ಡಕಂಬಿಯ ಕೆಳಗೆ ಒಂದು ಕಾಲು ತೂರಿಸಿ, ಮೈಯನ್ನು ವಾರೆ ಮಾಡಿಕೊಂಡು ಒಳಪೆಡ್ಲು ತುಳಿಯುತ್ತಿದ್ದೆ. ದೂರದಿಂದ ನೋಡಿದವರಿಗೆ ಸೈಕಲ್ಲೊಂದು ಹುಡುಗನನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತಂತೆ. ಆ ಸೈಕಲ್ಲಿಗೆ ಗೇರಿರಲಿ, ಬ್ರೇಕೇ ಸರಿಯಾಗಿರಲಿಲ್ಲ. ನಿಲ್ಲಿಸಬೇಕೆಂದರೆ ಯಾವುದಾದರೂ ಮನೆಯ ಜಗುಲಿ ಹುಡುಕಬೇಕಿತ್ತು. ಒಂದು ಜಗುಲಿಯ ಮೇಲೆ ಹಪ್ಪಳ ಒಣಗಿಸಿದ್ದರು. ಆ ಮನೆಯವರು ಈಗಲೂ ನನ್ನನ್ನು ನೋಡಿದರೆ ನಗುತ್ತಾರೆ.

ಮದುವೆಯಾದಾಗಿನಿಂದ ಅದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಸರೋಜಳನ್ನು ಕೂರಿಸಿಕೊಂಡು ಅವಳ ತವರು ಕುಂದಾಣಕ್ಕೆ ಹೋಗುತ್ತಿದ್ದೆ. ದ್ರಾಕ್ಷಿ ತೋಟಗಳ ನಡುವಿನ ದಾರಿ. ಬೆವರಿಳಿಸಿಕೊಂಡು ತುಳಿಯುವ ಗಂಡನ ಬೆನ್ನನ್ನೇ ನೋಡುತ್ತಾ ಅವಳು ಸುಮ್ಮನೆ ಕೂತಿರುತ್ತಿದ್ದಳು. ಇಪ್ಪತ್ತು ವರ್ಷ ಕಳೆದ ಮೇಲೆ, ಅವಳಿಗೊಂದು ಸೈಕಲ್ಲು ಬೇಕೆಂದಾಗ, ಕಲಿಸಬೇಕಲ್ಲ ಎಂದು ನಾನು ದೊಡ್ಡ ಮೇಷ್ಟ್ರ ಹಾಗೆ ಬಾಡಿಗೆ ಸೈಕಲ್ಲೊಂದನ್ನು ತಂದು ಮೈದಾನಕ್ಕೆ ಕರೆದುಕೊಂಡು ಹೋದೆ. ಹಿಂದಿನಿಂದ ಕ್ಯಾರಿಯರ್ ಹಿಡಿದು, "ಹೆದರ್ಬೇಡ, ನಾನಿದೀನಿ, ಮುಂದೆ ನೋಡು," ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿ, ಮೈದಾನಕ್ಕೆ ಎರಡು ಸುತ್ತು ಹೊಡೆದು, ನನ್ನ ಮುಂದೆ ಬಂದು ಬ್ರೇಕ್ ಹಾಕಿದಳು.

"ಇದ್ಯಾವಾಗ ಕಲ್ತೆ?"

"ಕುಂದಾಣದಲ್ಲಿ. ಎಂಟನೇ ಕ್ಲಾಸಲ್ಲಿ."

"ಹೇಳ್ಲೇ ಇಲ್ವಲ್ಲೇ ಮತ್ತೆ!"

"ನೀವೆಲ್ಲಿ ಕೇಳಿದ್ರಿ?"

ಇಪ್ಪತ್ತು ವರ್ಷ ನಾನೊಬ್ಬನೇ ತುಳಿದ ಕುಂದಾಣದ ದಾರಿ ನೆನೆಸಿಕೊಂಡು ನನ್ನ ಕಾಲು ನೋಯತೊಡಗಿತು.

ಅವಳಿಗೆ ಸೈಕಲ್ಲು ಬೇಕಾದದ್ದು ಬಾಶೆಟ್ಟಿಹಳ್ಳಿಯ ಒಂದು ಬಟ್ಟೆ ಫ್ಯಾಕ್ಟರಿಗೆ ಹೋಗಲು. ಅದಕ್ಕೂ ಮೊದಲು ನಾವಿಬ್ಬರೂ ಮನೆಯಲ್ಲೇ ಮಗ್ಗ ನಡೆಸುತ್ತಿದ್ದೆವು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರ ಮನೆ ಮುಂದೆ ನಿಂತರೂ ಪವರ್‌ಲೂಮಿನ ಸದ್ದು ಕೇಳುತ್ತದೆ. ಕರೆಂಟು ಹೋದಾಗ ಮಾತ್ರ ನಮಗೆ ಕಾಗೆ ಕೂಗುವುದು ಗೊತ್ತಾಗುತ್ತದೆ. ನಮ್ಮಲ್ಲಿದ್ದದ್ದು ಎರಡು ಮಗ್ಗ. ಇಲ್ಲಿ ಮಗ್ಗದಲ್ಲೂ ಎಡಗೈ ಬಲಗೈ ಇದೆ. ಒಂದರ ಹಿಡಿ ಬಲಕ್ಕೆ, ಇನ್ನೊಂದರದು ಎಡಕ್ಕೆ. ಒಬ್ಬರೇ ನಡುವೆ ನಿಂತು ಎರಡನ್ನೂ ನೋಡಿಕೊಳ್ಳಲಿ ಎಂದು ಹಾಗೆ ಮಾಡಿರುತ್ತಾರೆ. ಹಿಡಿಯನ್ನು ಆ ಕಡೆ ತಳ್ಳಿದರೆ ಮಗ್ಗ ಓಡುತ್ತದೆ, ನಮ್ಮ ಕಡೆ ಎಳೆದರೆ ನಿಲ್ಲುತ್ತದೆ. ನಾವು ಇಬ್ಬರಿದ್ದೆವಲ್ಲ, ಒಬ್ಬೊಬ್ಬರು ಒಂದೊಂದು ಹಿಡಿದೆವು. ಬಲಗೈ ಮಗ್ಗ ನನ್ನದು, ಎಡಗೈ ಮಗ್ಗ ಅವಳದು.

ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಗಂಡಹೆಂಡಿರು ಕೈಸನ್ನೆಯಲ್ಲೇ ಸಂಸಾರ ಮಾಡಬೇಕು. ಎರಡು ಬೆರಳು ತುಟಿಗೆ ತಂದರೆ ಕಾಫಿ. ಹೆಗಲು ತಟ್ಟಿಕೊಂಡರೆ ಮಗಳು ಸ್ಕೂಲಿಂದ ಬಂದಳು, ಬ್ಯಾಗು ಇಳಿಸಿದಳು ಎಂದು. ಹಣೆಗೆ ಬೆರಳಿಟ್ಟು ಮೇಲೆ ತೋರಿಸಿದರೆ ನಮ್ಮ ಅತ್ತೆ ಬಂದಿದ್ದಾರೆ ಎಂದು. ಅದು ಯಾಕೆ ಹಾಗೆ ಎಂದು ನಾನು ವಿವರಿಸದಿರುವುದೇ ಒಳ್ಳೆಯದು. ನನಗೆ ಈಗ ಅವಳ ದನಿಯನ್ನು ನೆನಪಿಗೆ ತಂದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಕೈಗಳು ತಕ್ಷಣ ಬರುತ್ತವೆ.

ಸೀರೆ ಕೇಳುವವರು ಕಡಿಮೆಯಾದ ವರ್ಷ ಒಂದು ಮಗ್ಗ ನಿಲ್ಲಿಸಬೇಕಾಯಿತು. ನಿಂತದ್ದು ಎಡಗೈ ಮಗ್ಗ. ಅವಳು ಫ್ಯಾಕ್ಟರಿಗೆ ಸೇರಿದಳು. ಅಲ್ಲಿಯವರ ವ್ಯಾನಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ ಎಂದು ನಮ್ಮ ಸೈಕಲ್ ಶಾಪಿನ ನಯಾಜ್ ಸಾಬರ ಹತ್ತಿರ ಈ ಹಸಿರು ಸೈಕಲ್ಲನ್ನು ಕೊಂಡೆವು. ಯಾರೋ ಬೆಂಗಳೂರಿನವರು ಓಡಿಸಿ ಬಿಟ್ಟದ್ದು. ಕೆಲವೇ ವಾರಗಳಲ್ಲಿ ಅದರ ಗೇರಿನ ಹಿಡಿ ಮುರಿಯಿತು. ಸಾಬರು ಹಳೇ ಸಾಮಾನಿನ ಡಬ್ಬಿಯಿಂದ ಒಂದು ಲಿವರ್ ಹುಡುಕಿ ಹಾಕಿಕೊಟ್ಟರು. ಎಡಕ್ಕೆ.

ಯಾಕೆ ಎಡಕ್ಕೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಎಡಗೈಯಲ್ಲಿ ಹಿಡಿ ಎಳೆದು ಮಗ್ಗ ನಿಲ್ಲಿಸಿದವಳಲ್ಲವೇ! ಎಳೆದರೆ ನಿಲ್ಲುತ್ತದೆ, ಎಳೆದರೆ ಸುಧಾರಿಸಿಕೊಳ್ಳಬಹುದು ಎಂದು ಅವಳ ಕೈ ಕಲಿತಿದೆ. ಸೈಕಲ್ಲಿಗೂ ಹಾಗೇ ಮಾಡಿಸಿಕೊಂಡಿದ್ದಾಳೆ. ಎಂಥ ತಲೆ! ನಾನು ಇದನ್ನು ನೂಲಿಗೆ ಬಣ್ಣ ಹಾಕಿಸುವ ಬಣ್ಣದ ಮನೆಯಲ್ಲಿ ಹೇಳಿದೆ, ನೂಲಿನ ಅಂಗಡಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಹೇಳಿದೆ. "ನಮ್ಮವಳು ಎಡಗೈಲಿ ಗೇರ್ ಎಳ್ಕೊಂಡು ರೈಲ್ವೆ ಬ್ರಿಡ್ಜ್ ಏರು ಒಂದೇ ಉಸಿರಲ್ಲಿ ಹತ್ತಿಬಿಡ್ತಾಳೆ ಕಣಪ್ಪ." ಬಾಶೆಟ್ಟಿಹಳ್ಳಿಯ ಕಡೆ ಹೋಗುವಾಗ ಹಳಿಗಳ ಮೇಲಿನ ಸೇತುವೆ ಹತ್ತಬೇಕು, ಅದು ನಮ್ಮ ಕಡೆಯ ಸೈಕಲ್ಲಿನವರಿಗೆ ಒಂದು ಪರೀಕ್ಷೆ. ಅವಳು ಹತ್ತುವುದನ್ನು ನಾನು ನೋಡಿರಲಿಲ್ಲ. ಅವಳ ಶಿಫ್ಟಿನ ಹೊತ್ತಿಗೆ ನಾನು ಮಗ್ಗದ ಮುಂದೆ ಇರುತ್ತಿದ್ದೆ. ಆದರೂ ಕಣ್ಣಿಗೆ ಕಟ್ಟಿತ್ತು: ಹಸಿರು ಸೈಕಲ್ಲು, ನೀಲಿ ಕೋಟು, ಎಡಗೈ ಹೆಬ್ಬೆರಳು ಒಮ್ಮೆ ಸುಮ್ಮನೆ ಎಳೆಯುವುದು, ಸೇತುವೆ ತಾನಾಗಿ ಬಗ್ಗುವುದು.

ಅವಳು ಹೋದ ಮೇಲೆ ನಾನು ಆ ಸೈಕಲ್ಲು ಹತ್ತಲು ಶುರುಮಾಡಿದೆ. ಬಣ್ಣದ ಮನೆಯಿಂದ ನೂಲು ತರುವ ನೆಪ. ನಿಜ ಹೇಳಬೇಕೆಂದರೆ ಅವಳ ಕೈ ಹೇಗೆ ಮಾಡುತ್ತಿತ್ತೋ ಹಾಗೆ ನನ್ನ ಕೈ ಒಂದು ಸಲ ಮಾಡಿದರೆ ಸಾಕು ಎನ್ನಿಸಿತ್ತು. ಕೈ ಕೇಳಬೇಕಲ್ಲ. ನನ್ನದು ಬಲಗೈ ಮಗ್ಗದವನ ಮೈ. ಗೇರು ಬೇಕೆಂದಾಗ ಬಲ ಹೆಬ್ಬೆರಳು ಬರಿಯ ರಬ್ಬರಿನ ಮೇಲೆ ತಡಕಾಡುತ್ತದೆ. ಅದನ್ನು ಸುಮ್ಮನಿರಿಸಿ ಎಡಗೈಯನ್ನು ಎಬ್ಬಿಸುವ ಹೊತ್ತಿಗೆ ಸೈಕಲ್ಲು ನಿಂತಿರುತ್ತದೆ. ಒಂದು ತಿಂಗಳಾದ ಮೇಲೆ ಎಡಗೈ ಏಳುವುದನ್ನು ಕಲಿಯಿತು. ಆದರೆ ಏರಿನಲ್ಲಿ ಎಳೆಯುವ ಬದಲು ತಳ್ಳಿಬಿಡುತ್ತಿತ್ತು. ಏನು ಮಾಡುವುದು, ಓಡಬೇಕೆಂದರೆ ತಳ್ಳು ಎಂದು ಮಗ್ಗ ನನಗೆ ಕಲಿಸಿದೆ. ಸೇತುವೆಯ ಅರ್ಧದಲ್ಲಿ, ಹಿಂದೆ ಫ್ಯಾಕ್ಟರಿ ಬಸ್ಸೊಂದು ಹಾರ್ನ್ ಮಾಡುತ್ತಿರುವಾಗ, ಹಗುರ ಮಾಡಿಕೊಳ್ಳುವ ಬದಲು ಭಾರ ಮಾಡಿಕೊಂಡೆ. ಪೆಡಲು ಕಲ್ಲಿನಂತೆ ನಿಂತಿತು. ನಾನು ಮಲಗಿದೆ. ಅದೇ ಮಗಳು ನೋಡಿದ ಮೊಣಕಾಲು.

ಆ ವಾರ ಒಬ್ಬ ನನ್ನ ಪರವಾಗಿ ಸಿಕ್ಕಿದ. ಭಾನುವಾರ ಬೆಳಗಾದರೆ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬಿಗಿ ಚಡ್ಡಿ ಹಾಕಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಾರಲ್ಲ, ಅವರಲ್ಲೊಬ್ಬ ಟೀ ಅಂಗಡಿಯ ಮುಂದೆ ನನ್ನ ಸೈಕಲ್ಲಿಗೆ ಒಂದು ಸುತ್ತು ಬಂದ.

"ಅಂಕಲ್, ಎಡಗಡೆ ಶಿಫ್ಟರ್! ನೀವೇ ಮಾಡಿಸಿದ್ದಾ? ಸಖತ್ತಾಗಿದೆ ಗುರು ಐಡಿಯಾ."

ನಾನು ಅವನಿಗೆ ಎಡಗೈ ಮಗ್ಗದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ಫೋಟೋ ತೆಗೆದುಕೊಂಡ. "ಆಂಟಿ ಎಲ್ಲಿದಾರೆ ಈಗ?" ಎಂದು ಕೇಳಿದ. ಫ್ಯಾಕ್ಟರಿಗೆ ಹೋಗಿದ್ದಾಳೆ ಎಂದೆ. ಭಾನುವಾರ ಫ್ಯಾಕ್ಟರಿ ಇರುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ. ಅದೇ ನನಗೆ ಸ್ವಲ್ಪ ಹೆದರಿಕೆ ಹುಟ್ಟಿಸಿತು.

ಅವತ್ತೇ ಮಧ್ಯಾಹ್ನ ನಯಾಜ್ ಸಾಬರ ಅಂಗಡಿಗೆ ಹೋದೆ. ಮಗಳು ಕೊಟ್ಟ ಗಡುವು ಅವತ್ತಿಗೇ ಮುಗಿಯುತ್ತಿತ್ತು. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಇದನ್ನು ಬದಲಾಯಿಸಲು ಬರುವುದಿಲ್ಲ ಎಂದು ಸಾಬರ ಬಾಯಿಂದ ಹೇಳಿಸಿಬಿಟ್ಟರೆ ಮಗಳ ಬಾಯಿ ಮುಚ್ಚಿಸಬಹುದು.

"ಸಾಬ್ರೇ, ಈ ಲಿವರ್ ಎಡಗಡೆಗೇ ಅಂತ ಮಾಡಿರೋದು ಅಲ್ವಾ? ಬಲಕ್ಕೆ ಹಾಕೋಕಾಗಲ್ಲ ತಾನೆ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಯಾಕಾಗಲ್ಲ ಅಣ್ಣ? ಇದು ಬಲಗಡೆ ಲಿವರ್ರೇ. ಎಡಕ್ಕೆ ಹಾಕಿರೋದ್ರಿಂದ ಉಲ್ಟಾ ತಿರುಗ್ತಾ ಐತೆ. ಒಂದು ಕೇಬಲ್ ಬದಲಾಯಿಸಿದ್ರೆ ಅರ್ಧ ಗಂಟೆ ಕೆಲ್ಸ."

"ಮತ್ತೆ ನಮ್ಮನೆಯವಳು ಎಡಕ್ಕೇ ಬೇಕು ಅಂದ್ಲಲ್ಲ."

"ಅಕ್ಕ ಎಲ್ಲಿ ಅಂದ್ರು? ನೀವಲ್ವಾ ಅಂದಿದ್ದು!" ಸಾಬರು ನಕ್ಕರು. "ಇಲ್ಲೇ ನಿಂತ್ಕೊಂಡು ಟೀ ಕುಡೀತಾ ಹೇಳಿದ್ರಿ. 'ನಮ್ಮವಳು ಎಡಗೈ ಮಗ್ಗದವಳು ಸಾಬ್ರೇ, ಎಡಕ್ಕೇ ಜಡಿರಿ' ಅಂತ. ನಾನೂ ನಕ್ಕೆ, ಅಕ್ಕನೂ ನಕ್ಕರು. ಸರಿ, ಹಾಕಿದೆ."

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಅವರು ಹೇಳಿದ ಮೇಲೆ ನೆನಪಾಯಿತು. ಟೀ ಲೋಟ ನೆನಪಾಯಿತು, ಅದರ ಬಿಸಿಯೂ ನೆನಪಾಯಿತು. ತಮಾಷೆ ಮಾಡಿ, ನಾನೇ ಅದನ್ನು ಮರೆತು, ಆಮೇಲೆ ಅವಳ ಜಾಣತನ ಎಂದು ಊರೆಲ್ಲ ಹೊಗಳಿಕೊಂಡು ಬಂದಿದ್ದೆ.

"ಅವಳಿಗೆ ಅದು ಅನುಕೂಲ ಆಗಿತ್ತು ತಾನೆ?" ಎಂದೆ. ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು.

ಸಾಬರು ಸ್ಪ್ಯಾನರ್ ಒರೆಸಿ ಕೆಳಗಿಟ್ಟರು. "ಬೇಜಾರ್ ಮಾಡ್ಕೋಬೇಡಿ ಅಣ್ಣ. ಒಂದ್ಸಲ ಬದಲಾಯಿಸಿ ಅಂತ ಬಂದಿದ್ರು. ಕೈ ಉಲ್ಟಾ ಹೋಗತ್ತೆ, ಏರಲ್ಲಿ ಚೈನ್ ಸಿಕ್ಕಾಕ್ಕೊಳತ್ತೆ, ಬ್ರಿಡ್ಜ್ ಹತ್ರ ದಿನಾ ಇಳ್ದು ತಳ್ಕೊಂಡೇ ಹೋಗ್ತೀನಿ ಅಂದ್ರು. ನಾನು ಬೋಲ್ಟ್ ಸಡಿಲ ಮಾಡಿದ್ದೆ. ಆಮೇಲೆ ಅವರೇ ಬೇಡ ಬಿಡಿ ಅಂದ್ಬಿಟ್ರು."

"ಯಾಕೆ?"

"'ನಮ್ಮನೆಯವರು ಎಲ್ಲಾರ ಹತ್ರಾನೂ ಹೇಳ್ಕೊಂಡು ಓಡಾಡ್ತಾವ್ರೆ ಸಾಬ್ರೇ. ನನ್ ವಿಷಯ ಇಷ್ಟು ಖುಷಿಯಾಗಿ ಯಾವತ್ತೂ ಹೇಳ್ಕೊಂಡಿಲ್ಲ. ಇರ್ಲಿ ಬಿಡಿ, ಒಂದು ಏರು ತಾನೆ' ಅಂದ್ರು."

ಅಂಗಡಿಯ ಮುಂದೆ ಒಂದು ಕಲ್ಲಿನ ಚಪ್ಪಡಿ ಇದೆ. ಅದರ ಮೇಲೆ ಕೂತೆ. ಮದುವೆಯಾದ ವಾರ ಮಗ್ಗದ ಮುಂದೆ ಮೊದಲ ಸಲ ಅವಳನ್ನು ನಿಲ್ಲಿಸಿದ್ದು ನೆನಪಿಗೆ ಬಂತು. ನಾನು ಹೋಗಿ ಬಲಗೈ ಮಗ್ಗದ ಮುಂದೆ ನಿಂತುಕೊಂಡಿದ್ದೆ. ಅವಳಿಗೆ ಉಳಿದದ್ದು ಇನ್ನೊಂದು. ಅವಳು ಎಡಗೈಯವಳಲ್ಲ, ಅನ್ನ ಕಲಸುವುದು, ರಂಗೋಲಿ ಎಳೆಯುವುದು, ಸಹಿ ಹಾಕುವುದು ಎಲ್ಲ ಬಲಗೈಯಲ್ಲೇ. ಅದನ್ನು ದಿನವೂ ನೋಡುತ್ತಿದ್ದವನು ನಾನೇ.

ಎಂಟು ತಿಂಗಳಿಂದ ನಾನು ಜೋಪಾನ ಮಾಡುತ್ತಿದ್ದದ್ದು ಅವಳ ಅನುಕೂಲವನ್ನಲ್ಲ, ನನ್ನ ಒಂದು ಹಾಸ್ಯವನ್ನು. ಹಾಗೆಂದು ಅದನ್ನು ಕಿತ್ತು ಬಿಸಾಡೋಣ ಎಂದರೆ, ಆ ನುಣ್ಣಗಾದ ತುದಿ ಅವಳ ಬೆರಳಿನದೇ. ಅವಳು ನನಗಾಗಿ ಸಹಿಸಿದ್ದನ್ನು ಇಟ್ಟುಕೊಳ್ಳಬೇಕೋ, ಅವಳು ಕೇಳಿಕೊಂಡಿದ್ದನ್ನು ಮಾಡಿಸಬೇಕೋ? ಸಾಬರು ಟೀ ತರಿಸಿದರು. ಕುಡಿಯಲಾಗಲಿಲ್ಲ.

"ಬಲಕ್ಕೆ ಹಾಕಿ ಸಾಬ್ರೇ," ಎಂದೆ ಕೊನೆಗೆ. "ಅವಳು ಬಂದಾಗ ಹೆಂಗೆ ಹಾಕ್ತಿದ್ರೋ ಹಂಗೇ ಹಾಕಿ."

ಅರ್ಧ ಗಂಟೆಯೂ ಆಗಲಿಲ್ಲ. ಲಿವರ್ ಅದೇ, ಜಾಗ ಮಾತ್ರ ಬೇರೆ. ಎಡಗಡೆಯ ಕಬ್ಬಿಣದ ಮೇಲೆ ಒಂದು ಸಣ್ಣ ಬಳೆಯಷ್ಟು ಬೆಳ್ಳನೆಯ ಗುರುತು ಉಳಿಯಿತು. ಸಾಬರು ಅದರ ಮೇಲೆ ಟೇಪು ಸುತ್ತಲು ಹೋದರು, ಬೇಡವೆಂದೆ.

ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಮಾರನೆಯ ದಿನ, ಅವಳ ಶಿಫ್ಟಿಗೆ ಹೊರಡುವ ಹೊತ್ತಿಗೆ, ಮಗ್ಗ ಹಾಕದೆ ಸೈಕಲ್ಲು ತೆಗೆದೆ. ನಮ್ಮ ಬೀದಿ ದಾಟಿ, ಬಸ್ ಸ್ಟ್ಯಾಂಡ್ ದಾಟಿ, ಸೇತುವೆಯ ಬುಡಕ್ಕೆ ಬಂದು ಬಲ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದೆ. ಚೈನು ಒಂದು ಮಾತೂ ಆಡದೆ ದೊಡ್ಡ ಚಕ್ರದ ಮೇಲೆ ಹೋಗಿ ಕೂತಿತು. ಏರು ನಿಜವಾಗಿಯೂ ಹಗುರವಾಯಿತು. ನಾನು ಇಷ್ಟು ದಿನ ಕಣ್ಣಿಗೆ ಕಟ್ಟಿಕೊಂಡಿದ್ದೆನಲ್ಲ, ಹಾಗೆಯೇ. ನನ್ನ ಈ ವಯಸ್ಸಿನ ಕಾಲಿಗೂ ಅದು ಸಲೀಸಾಗಿ ಬಗ್ಗುತ್ತಿತ್ತು. ಇಷ್ಟು ಸಲೀಸು ಅವಳಿಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಕಾಲು ಭಾಗ ಹತ್ತಿದ್ದೆನೇನೋ. ಇಳಿದುಬಿಟ್ಟೆ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆದೆ. ತಡೆಗೋಡೆಯ ಪಕ್ಕ ಒಬ್ಬರು ನಡೆಯುವಷ್ಟು ಜಾಗ ಸವೆದು ದಾರಿಯಂತಾಗಿದೆ. ತುಳಿದುಕೊಂಡು ಹೋಗುವವರಿಗೆ ಅದು ಕಾಣುವುದಿಲ್ಲ. ಕೆಳಗೆ ಹಳಿಗಳು, ಅದರಾಚೆ ಯಾರೋ ಹೂಕೋಸು ಹಾಕಿದ್ದ ಹೊಲ.

ಹಿಂದಿನಿಂದ ನೀಲಿ ಕೋಟು ಹಾಕಿಕೊಂಡ ಒಬ್ಬ ಹೆಂಗಸು ಬಿರಬಿರನೆ ನಡೆದು ಬಂದರು. ಕೈಯಲ್ಲಿ ಊಟದ ಬ್ಯಾಗು. ನನ್ನನ್ನು ದಾಟುವಾಗ ಸೈಕಲ್ಲು ನೋಡಿ ನಿಧಾನ ಮಾಡಿದರು.

"ಚೈನ್ ಬಿತ್ತಾ ಅಣ್ಣ?"

"ಇಲ್ಲಮ್ಮ. ಸರಿಯಾಗೇ ಇದೆ."

"ಮತ್ಯಾಕೆ ತಳ್ಕೊಂಡು ಹೋಗ್ತಿದೀರಾ?"

"ನಮ್ಮನೆಯವಳು ಇಲ್ಲಿ ದಿನಾ ಇಳಿತಿದ್ಲಂತೆ. ನನಗೆ ಗೊತ್ತಿರ್ಲಿಲ್ಲ."

ಅವಳ ಬಗ್ಗೆ ನಾನು ಬೇರೊಬ್ಬರಿಗೆ ಹೇಳಿದ ನಿಜವಾದ ಮಾತು ಬಹುಶಃ ಅದೇ ಮೊದಲನೆಯದು. ಆ ಹೆಂಗಸು ಕೈಗಡಿಯಾರ ಒಮ್ಮೆ ನೋಡಿಕೊಂಡರು. ಆಮೇಲೆ ಊಟದ ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಿ, ಸೇತುವೆಯ ತುದಿಯವರೆಗೂ ಜೊತೆಯಲ್ಲಿ ನಡೆದರು.